ಕೆರೆ ಏರಿಯ ಮೇಲೆ ವರಪರೀಕ್ಷೆ

ಪಂಚಾಕ್ಷರಯ್ಯ: ಏ ಕಮಲಾ, ಆ ದುರ್ಬೀನು ನೀರಿನ ಕಡೆ ತಿರುಗಿಸು. ಹಕ್ಕಿ ಅಲ್ಲಿ ಅದಾವ.

ಕಮಲವ್ವ: ನಾ ಹಕ್ಕಿ ನೋಡಾಕ ಬಂದೀನೇನು?

ಪಂಚಾಕ್ಷರಯ್ಯ: ಹಂಗಂತ ಆ ಹುಡುಗನ ಬೆನ್ನಿಗೇ ಹಿಡದು ನಿಂತ್ರ ಮಂದಿ ಏನಂದಾರು?

ಕಮಲವ್ವ: ಬೆನ್ನು ನೆಟ್ಟಗೈತಿ. ಗೂನಿಲ್ಲ. ಅಷ್ಟು ತಲ್ಯಾಗ ಇಟಗೋರಿ.

ಭಾನುವಾರದ ಬೆಳಗು, ಕೆ.ಆರ್. ಪುರದ ಆಚೆಯ ಕೆರೆ ಏರಿ. ವಾರಾಂತ್ಯದ ಹಕ್ಕಿ ನೋಡುವ ನಡಿಗೆ, ಆರೇ ಜನ, ಹಕ್ಕಿ ಬಲ್ಲವರೊಬ್ಬರು ಜೊತೆಗಿರುತ್ತಾರೆ ಎಂದು ಪ್ರಕಟಣೆ ಇತ್ತು. ಆ ಆರರಲ್ಲಿ ಇಬ್ಬರು ಈ ಗಂಡ ಹೆಂಡತಿ. ಪಂಚಾಕ್ಷರಯ್ಯನವರು ಕೊಪ್ಪಳದ ಅಂಚೆ ಕಚೇರಿಯಿಂದ ನಿವೃತ್ತರಾಗಿ ರಾಮಮೂರ್ತಿ ನಗರದಲ್ಲಿ ಮಗಳ ಜೊತೆ ಇರುವವರು. ಕಾಗೆ, ಗುಬ್ಬಿ ಬಿಟ್ಟರೆ ಮೂರನೆಯ ಹಕ್ಕಿಗೆ ತಡವರಿಸುವವರು. ಅವರು ಬಂದದ್ದು ಹೆಂಡತಿಯ ಮಾತಿಗೆ. ಹೆಂಡತಿ ಬಂದದ್ದು ಅಳಿಯನಾಗಬಹುದಾದವನನ್ನು ನೋಡಲಿಕ್ಕೆ.

ಮಗಳು ಅಂಜಲಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಮುತ್ತುರಾಜ; ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಜನರನ್ನು ಕರೆದುಕೊಂಡು ಹೋಗಿ ಹಕ್ಕಿ ತೋರಿಸುವ ಹುಚ್ಚು. ಅಂಜಲಿ ಅವನೊಡನೆ ಫೋನಿನಲ್ಲಿ ಮಾತಾಡಿ, ಮುಖ ನೋಡುವ ಮೊದಲೇ ಅರ್ಧ ಒಪ್ಪಿದ್ದಳು. ಹಿಂದಿನ ಎರಡು ಸಂಬಂಧಗಳು ಕಮಲವ್ವನ ಪ್ರಶ್ನೆಗಳಿಗೆ ಬೆದರಿ ಓಟ ಕಿತ್ತಿದ್ದರಿಂದ ಈ ಸಲ ಖಡಾಖಂಡಿತ ಹೇಳಿಬಿಟ್ಟಿದ್ದಳು: "ನಾವಿಬ್ರೂ ಭೇಟಿ ಆಗೋತನ ನೀವು ಅವ್ರ ತಂಟೆಗೆ ಹೋಗಬ್ಯಾಡ್ರಿ. ಹೋದ್ರ ಈ ಸಂಬಂಧಾನೂ ಇಲ್ಲ, ಇನ್ನ ಮುಂದ ಯಾವುದೂ ಇಲ್ಲ."

ಕಮಲವ್ವ ಆಗಲಿ ಎಂದಿದ್ದರು. ಆಮೇಲೆ ಪಕ್ಕದ ಮನೆಯ ಸುಭದ್ರಮ್ಮನ ಫೋನಿನಿಂದ, ಸುಭದ್ರಮ್ಮನ ಹೆಸರಿನಲ್ಲಿ ಎರಡು ಜಾಗ ಹಿಡಿಸಿದ್ದರು. ಮಗಳಿಗೆ ಹೇಳಿದ್ದು ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗುತ್ತೇವೆಂದು.

ಒಂದೇ ತೊಡಕೆಂದರೆ, ಹುಡುಗ ಕಳಿಸಿದ್ದ ಏಕೈಕ ಫೋಟೋದಲ್ಲಿ ಅವನ ಮುಖಕ್ಕೆ ದುರ್ಬೀನು ಅಡ್ಡ ಇತ್ತು. ಕೆಳಗೆ ಗದ್ದ, ಮೇಲೆ ಟೊಪ್ಪಿಗೆ, ಅಷ್ಟೇ. ಇವರ ಆಟೊ ದಾರಿಯ ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಕೆರೆ ಮುಟ್ಟುವಷ್ಟರಲ್ಲಿ ಪರಿಚಯ ಮಾಡಿಕೊಳ್ಳುವ ಶಾಸ್ತ್ರ ಮುಗಿದುಹೋಗಿತ್ತು. ಆದರೆ ಕಮಲವ್ವನಿಗೆ ಪರಿಚಯ ಯಾಕೆ ಬೇಕು? ಎಲ್ಲರಿಗಿಂತ ಮುಂದೆ, ಕುತ್ತಿಗೆಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡು ದಾಪುಗಾಲಿಡುತ್ತಿದ್ದವನೊಬ್ಬನಿದ್ದ. ಮುಂದೆ ನಡೆಯುವವನಲ್ಲವೆ ಯಜಮಾನ. ಅವನ ಹಿಂದೆ ಮಾತೇ ಆಡದ, ಯಾವುದೋ ಆಫೀಸಿನ ಮೂವರು. ಎಲ್ಲರಿಗಿಂತ ಹಿಂದೆ, ಮಾಸಿದ ಅಂಗಿಯ ಒಬ್ಬ ಹುಡುಗ ನೀರಿನ ಕ್ಯಾನು ಹೊತ್ತು ಬರುತ್ತಿದ್ದ. ಗೇಟಿನ ಬಳಿ ಓಡಿಬಂದು ಕಮಲವ್ವನ ಕೈಚೀಲ ಇಸಿದುಕೊಂಡವನೂ ಅವನೇ. "ಹೊರಗ ನಿಂತ ಗಾಡಿ ನಿಂದೇನೋ ತಮ್ಮಾ?" ಎಂದು ಕೇಳಿದ್ದರು. "ಹೌದಮ್ಮ" ಎಂದಿದ್ದ. ಹಾಗಾಗಿ ಅವನು ಡ್ರೈವರ್ ಎಂದು ತೀರ್ಮಾನವಾಯಿತು.

ಪಂಚಾಕ್ಷರಯ್ಯ: ಅಲ್ನೋಡಲ್ಲಿ, ಬಾತುಕೋಳಿ.

ಹಿಂದಿನ ಹುಡುಗ: ಅದು ಬಾತುಕೋಳಿ ಅಲ್ಲ ಸಾರ್, ನಾಮಕೋಳಿ. ಹಣೆ ಮೇಲೆ ಬಿಳೀ ನಾಮ ಇದೆ ನೋಡಿ.

ಕಮಲವ್ವ: ಅದರ ಬಾಜೂಕ ಕಾಗಿ ಕುಂತೈತಿ.

ಹಿಂದಿನ ಹುಡುಗ: ಅದು ಕಾಗೆ ಅಲ್ಲಮ್ಮ, ನೀರುಕಾಗೆ.

ಕಮಲವ್ವ: ಕಾಗಿ ನೀರಿಗಿಳದ್ರ ಹೆಸರು ಬ್ಯಾರೆ ಆಕ್ಕೈತೇನು? (ಗಂಡನ ಕಿವಿಯಲ್ಲಿ) ಡ್ರೈವರ್‌ಗೆ ಬಾಯಿ ಭಾಳ. ಅಳಿಯನ್ನ ನೋಡ್ರಿ, ಬಾಯೇ ಬಿಡವಲ್ಲ. ಗಂಭೀರ ಅದಾನ.

ಪಂಚಾಕ್ಷರಯ್ಯ: ಇನ್ನ ಮಾತೇ ಆಡಿಲ್ಲ, ಆಗಲೇ ಅಳಿಯ?

ಕಮಲವ್ವ: ನಡಿಗಿ ನೋಡೂಣಂತ. ಏನ್ರೀ ಮುಂದಿನವ್ರ! ಆ ಜಾಲಿಗಿಡದಾಗ ಏನೋ ಅಲಗಾಡಿದಂಗಾತು. ಒಂಚೂರು ಹೋಗಿ ನೋಡಿ ಬರ್ರಿ.

ಮುಂದಿನವನು ಪಾಪ, ಜಾಲಿಗಿಡದ ತನಕ ಹೋದ. ಏನೂ ಇರಲಿಲ್ಲ. ವಾಪಸು ಬಂದ. ಕಮಲವ್ವ ಹೋಗುವಾಗ ಎಡಗಾಲು, ಬರುವಾಗ ಬಲಗಾಲು ಪರಿಶೀಲಿಸಿದರು.

ಕಮಲವ್ವ: ಕುಂಟಿಲ್ಲ. ಇನ್ನ ಟೊಪಿಗಿ ತಗಸಬೇಕು. ಏನ್ರೀ, ನಿಮ್ಮ ಟೊಪಿಗಿ ಬಣ್ಣಕ್ಕ ಹಕ್ಕಿ ಅಂಜತಾವ ಅನಸ್ತೈತಿ, ತಗದು ನೋಡ್ರಿ.

ಅವನು ತೆಗೆದ. ಎಳೆಬಿಸಿಲಿಗೆ ತಲೆ ಹೊಳೆಯಿತು.

ಪಂಚಾಕ್ಷರಯ್ಯ: ಆತಲ್ಲ? ಹೋಗೂಣ ನಡಿ ಮನಿಗೆ.

ಕಮಲವ್ವ: ಕೂದಲೇನು ಬಾಳ್ವೆ ಮಾಡ್ತಾವ? ನಿಮ್ಮವು ಎಲ್ಲಿ ಅದಾವ ಈಗ?

ಮದುವೆಯಾದ ಮೂವತ್ತು ವರ್ಷದಲ್ಲಿ ಅವರ ತಲೆಯೂ ಬೋಳಾಗಿತ್ತು. ಪಂಚಾಕ್ಷರಯ್ಯನವರು ತಲೆ ಸವರಿಕೊಂಡು ನಾಮಕೋಳಿಯ ಕಡೆ ತಿರುಗಿದರು.

ಅಷ್ಟರಲ್ಲಿ ಎಲ್ಲರೂ ಒಂದು ಹೊಂಗೆ ಮರದಡಿ ನಿಂತರು. ಮುಂದಿನವನು ಮಂಡಿಯೂರಿ ಕ್ಯಾಮೆರಾ ಹೂಡಿದ. ಜೊಂಡಿನೊಳಗೆ ಏನೋ ಅಪರೂಪದ್ದು ಕೂತಿತ್ತಂತೆ. ಎಲ್ಲರೂ ಉಸಿರು ಬಿಗಿಹಿಡಿದರು. ಕಮಲವ್ವ ಮಾತ್ರ ಹಿಂದಿನ ಹುಡುಗನಿಂದ ಚೀಲ ತೆಗೆದುಕೊಂಡು, ಬಿಚ್ಚಿ, ಖಡಕ್ ಸಜ್ಜೆ ರೊಟ್ಟಿ ಮುರಿದರು. ಆ ಸದ್ದಿಗೆ ಜೊಂಡಿನ ಅಪರೂಪದ್ದೂ, ನೀರಿನ ಸಾಧಾರಣದ್ದೂ ಒಟ್ಟಿಗೇ ಹಾರಿದವು.

ಹಿಂದಿನ ಹುಡುಗ: ಅಮ್ಮಾ, ಸ್ವಲ್ಪ ಮೆತ್ತಗೆ.

ಕಮಲವ್ವ: ಮೆತ್ತಗಿದ್ರ ಅದು ರೊಟ್ಟಿ ಏನೋ ತಮ್ಮಾ? ಬಾ ಇಲ್ಲಿ, ಕೂಡು. ಮುಂಜಾನಿಂದ ಕ್ಯಾನು ಹೊತ್ತೀದಿ. ಶೇಂಗಾ ಹಿಂಡಿ ಹಚ್ಚಿ ಕೊಡ್ತೀನಿ, ತಿನ್ನು.

ಹುಡುಗ ಚಟ್ನಿಪುಡಿ ಹಚ್ಚಿದ ರೊಟ್ಟಿ ಬೇಡವೆನ್ನದೆ ಕೂತ. ರೊಟ್ಟಿ ತಿನ್ನುವವರನ್ನು ಕಂಡರೆ ಕಮಲವ್ವನಿಗೆ ಗುಟ್ಟು ನಿಲ್ಲುವುದಿಲ್ಲ. ಪಂಚಾಕ್ಷರಯ್ಯನವರು ಕಣ್ಸನ್ನೆ ಮಾಡಿದರು, ಕೆಮ್ಮಿದರು, ಕೊನೆಗೆ ಸೆರಗನ್ನೇ ಜಗ್ಗಿದರು. ಏನೂ ನಡೆಯಲಿಲ್ಲ.

ಕಮಲವ್ವ: ನಿನಗ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಮುಂದ ಅದಾನಲ್ಲ, ಅವನ್ನ ನಮ್ಮ ಅಂಜಲಿಗೆ ನೋಡಾಕ ಬಂದೀವಿ.

ಹುಡುಗನ ಗಂಟಲಿಗೆ ರೊಟ್ಟಿ ಸಿಕ್ಕಿತು. ಪಂಚಾಕ್ಷರಯ್ಯನವರು ಬೆನ್ನು ತಟ್ಟಿ ನೀರು ಕೊಟ್ಟರು.

ಹುಡುಗ: ಅಂ... ಅಂಜಲಿ ಅಂದ್ರೆ, ರಾಮಮೂರ್ತಿ ನಗರದ...

ಕಮಲವ್ವ: ಹೂಂನಪಾ, ನಮ್ಮ ಮಗಳು.

ಹುಡುಗ: (ಮುಂದಿನವನನ್ನೊಮ್ಮೆ, ಕೈಯಲ್ಲಿದ್ದ ರೊಟ್ಟಿಯನ್ನೊಮ್ಮೆ ನೋಡಿ) ಹುಡುಗಿ ಹೇಗಮ್ಮಾ?

ಕಮಲವ್ವ: ಬಂಗಾರ. ಆದ್ರ ಏಳೋದು ಸೂರ್ಯಾ ನೆತ್ತಿಗೆ ಬಂದಮ್ಯಾಲ. ರೊಟ್ಟಿ ಬಡದ್ರ ಕರ್ನಾಟಕದ ನಕಾಶಿ ಆಕ್ಕೈತಿ. ಸಿಟ್ಟು ಬಂದ್ರ ಮಾತಾಡೂದಿಲ್ಲ. ಅದೊಂದು ಗಂಡಗ ಅನುಕೂಲ.

ಪಂಚಾಕ್ಷರಯ್ಯ: ಸಾಕ ಮಾಡ, ಡ್ರೈವರ್ ಮುಂದ ಮಗಳ ಮರ್ಯಾದಿ ಕಳೀಬ್ಯಾಡ.

ಹುಡುಗ: ಇರ್ಲಿ ಹೇಳಿ ಅಮ್ಮಾ. ಆದ್ರೆ ಆ ಅಣ್ಣನ್ನ ಜಾಲಿಗಿಡಕ್ಕೆ ಯಾಕೆ ಓಡಿಸಿದ್ರಿ?

ಕಮಲವ್ವ: ನನ್ನ ನೋಡಾಕ ಬಂದಾಗ ಇವ್ರ ಸೋದರತ್ತಿ ನನ್ನ ಪಡಸಾಲ್ಯಾಗ ಹಿಂದ ಮುಂದ ನಡಿಸಿದ್ಲು. ತುರುಬು ಬಿಚ್ಚಿಸಿದ್ಲು. ದೀಪಾ ಹಚ್ಚೋ ಹೊತ್ತಿನ್ಯಾಗ ಕೈಯಾಗ ಸೂಜಿ ಕೊಟ್ಟು ದಾರ ಪೋಣಸು ಅಂದ್ಲು. ಬೆರಳಿಗೆ ಚುಚ್ಚಿ ರಕ್ತ ಬಂತು. ಮಂದಿ ಎಲ್ಲಾ ನಕ್ರು. ಇವ್ರು ಎದುರಿಗೆ ಕುಂತು ಚೂಡಾ ತಿಂತಿದ್ರು.

ಪಂಚಾಕ್ಷರಯ್ಯನವರಿಗೆ ಆ ಸಂಜೆಯದು ನೆನಪಿದ್ದದ್ದು ಆ ಅವಲಕ್ಕಿ ಚೂಡಾ ಒಂದೇ. ಅದು ಚೆನ್ನಾಗಿತ್ತೆಂದು ಎಷ್ಟೋ ಸಲ ಹೊಗಳಿಯೂ ಇದ್ದರು. ಹಾಗೆ ಹೊಗಳಿದಾಗೆಲ್ಲ ಹೆಂಡತಿ ಯಾಕೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳೆಂದು ಈಗ ಹೊಳೆದು ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಕಮಲವ್ವ: ನನ್ನ ಮಗಳ ಕೈಯಾಗ ಯಾರೂ ಸೂಜಿ ಕೊಡಬಾರ್ದು ನೋಡು. ಕೊಟ್ರ ಮೊದಲ ಗಂಡಿನ ಕೈಯಾಗ ಕೊಡಬೇಕು. ಅದಕ್ಕ ತಂದೀನಿ.

ಸೊಂಟದ ಚೀಲದಿಂದ ಸೂಜಿಯೂ ಬಿಳಿ ದಾರದ ಉಂಡೆಯೂ ಹೊರಬಂದವು. ಕಮಲವ್ವ ಎದ್ದು ಕ್ಯಾಮೆರಾದವನ ಮುಂದೆ ಹೋಗಿ ನಿಂತರು.

ಕಮಲವ್ವ: ಏನ್ರೀ, ಸೆರಗು ಜಾಲಿಮುಳ್ಳಿಗೆ ಹರೀತು. ಈ ಸೂಜಿಗೆ ದಾರ ಪೋಣಿಸಿ ಕೊಡ್ರಿ.

ಕ್ಯಾಮೆರಾದವನು: ಕೊಡಿ ಅಮ್ಮಾ. ದಿನಾ ಸಣ್ಣ ಸಣ್ಣ ತಿರುಪು ಹಾಕೋ ಕೈ ಇದು. ಶಿವಾಜಿನಗರದಲ್ಲಿ ನಂದು ಕನ್ನಡಕದ ಅಂಗ್ಡಿ.

ಕಮಲವ್ವ: ಅಂಗಡಿ? ಆಫೀಸು ಅಂದಿದ್ರು?

ಕ್ಯಾಮೆರಾದವನು: ಆಫೀಸೆಲ್ಲ ನಮ್ಗೆ ಎಲ್ಲಿಂದ ಅಮ್ಮಾ. ಸೂಜಿ ಇರ್ಲಿ, ಮೊದ್ಲು ನಿಮ್ ಕಣ್ಣು ತೋರ್ಸಿ. ಇದನ್ನ ಓದಿ, ಈ ಬಾಟ್ಲಿ ಮೇಲಿಂದು. ಕಾಣ್ತಿಲ್ಲ ಅಲ್ವಾ? ನಿಮ್ಗೆ ದೂರದ್ದು ಫಸ್ಟ್‌ಕ್ಲಾಸ್ ಆಗಿ ಕಾಣ್ತದೆ, ಹತ್ರದ್ದೇ ಕಾಣ್ತಿಲ್ಲ. ನನ್ ಹೆಂಡ್ತಿ ಫಹ್ಮಿದಾಗೂ ಹಿಂಗೇ ಆಗಿತ್ತು.

ಕಮಲವ್ವ: ಹೆಂಡ್ತಿ?

ಕ್ಯಾಮೆರಾದವನು: ಹೌದಮ್ಮಾ. ಮಗಳು ಇಕ್ರಾ ಈಗ ಕಾಲೇಜು.

ಕಮಲವ್ವ: ರೀ, ಕೇಳಿದ್ರೇನು? ಕಾಲೇಜಿಗೆ ಹೋಗೋ ಮಗಳನ್ನ ಇಟಗೊಂಡು ನಮ್ಮ ಅಂಜಲಿಗೆ ವರ ಆಗಾಕ ಬಂದಾನ. ಮುತ್ತುರಾಜ ಅಂದ್ರ ಇವನೇನ?

ಕ್ಯಾಮೆರಾದವನು: ಅರೆ, ನಾನು ಕರೀಂ ಅಮ್ಮಾ. ನಿಮ್ಮಂಗೇ ಹಕ್ಕಿ ನೋಡೋಕೆ ಬಂದೋನು. ಮುತ್ತುರಾಜ್ ಸರ್ ಹಿಂದೆ ಇದಾರಲ್ಲ, ನಿಮ್ ರೊಟ್ಟಿ ಹಿಡ್ಕೊಂಡು.

ಕಮಲವ್ವ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಮಾಸಿದ ಅಂಗಿಯ ಹುಡುಗ ಅರ್ಧ ರೊಟ್ಟಿ ಹಿಡಿದು ಎದ್ದು ನಿಂತಿದ್ದ. ಭೂಮಿ ಬಾಯಿಬಿಟ್ಟರೆ ಹೆಂಡತಿಗಿಂತ ಮೊದಲು ತಾನೇ ಇಳಿಯಬೇಕೆಂದು ಪಂಚಾಕ್ಷರಯ್ಯನವರು ಜಾಗ ನೋಡಿಕೊಂಡರು.

ಕಮಲವ್ವ: ಗಾಡಿ... ಗಾಡಿ ನಂದು ಅಂದ್ರಲ್ಲ?

ಮುತ್ತುರಾಜ: ಗಾಡಿ ನಂದೇ ಅಮ್ಮಾ. ಡ್ರೈವರಾ ಅಂತ ನೀವು ಕೇಳ್ಲಿಲ್ಲ.

ಪಂಚಾಕ್ಷರಯ್ಯ: ಇಕಿ ಎಲ್ಲಾ ಹೇಳೂಮುಂದ ಆದ್ರೂ ತಡೀಬೇಕಿತ್ತಪಾ.

ಮುತ್ತುರಾಜ: ಅಂಜಲಿ ಹೆಸ್ರು ಬರೋವರ್ಗೂ ನೀವ್ಯಾರು ಅಂತ ಗೊತ್ತಿರ್ಲಿಲ್ಲ ಸಾರ್. ಗೊತ್ತಾದ್ಮೇಲೆ ತಡೆಯೋಕೆ ಮನಸ್ಸಾಗ್ಲಿಲ್ಲ. ರೊಟ್ಟಿನೂ ಚೆನ್ನಾಗಿತ್ತು.

ಕಮಲವ್ವ: ಯಜಮಾನ ಆದಾಂವ ಮುಂದ ನಡೀಬೇಕು. ಹಿಂದ ಕ್ಯಾನು ಹೊತ್ತು ಬಂದ್ರ ಯಾರಿಗೆ ತಿಳೀಬೇಕು?

ಮುತ್ತುರಾಜ: ಮುಂದೆ ನಡೆದ್ರೆ ಹಕ್ಕಿ ಮಾತ್ರ ಕಾಣ್ತವೆ ಅಮ್ಮಾ. ಹಿಂದೆ ಇದ್ರೆ ಬಂದೋರೂ ಕಾಣ್ತಾರೆ. ಯಾರಿಗೆ ಸುಸ್ತಾಯ್ತು, ಯಾರ ಕಾಲು ಜಾರ್ತಿದೆ ಅಂತ ನೋಡ್ಕೋಬೇಕಲ್ಲ.

ಹೀಗೆಂದು ಅವನು ರೊಟ್ಟಿಯನ್ನು ಪಂಚಾಕ್ಷರಯ್ಯನವರ ಕೈಗಿತ್ತು, ಕೈ ಒರೆಸಿಕೊಂಡು, ಕರೀಮನಿಂದ ಸೂಜಿ ಇಸಿದುಕೊಂಡ. ದಾರದ ತುದಿ ಹೊಸೆದು, ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿದ.

ಮುತ್ತುರಾಜ: ನಮ್ಮಮ್ಮಂಗೆ ಕಣ್ಣು ಮಂದ. ಮನೇಲಿ ದಾರ ಪೋಣಿಸೋನು ನಾನೇ, ಗುಂಡಿ ಹಾಕೋನೂ ನಾನೇ. ಅಂಜಲಿ ಕೈಗೆ ಅಲ್ಲಿ ಯಾರೂ ಸೂಜಿ ಕೊಡಲ್ಲಮ್ಮ.

ಕಮಲವ್ವ ಕೈ ಚಾಚಿದರು. ಸೂಜಿ ಇಸಿದುಕೊಂಡು ಸೆರಗಿಗೆ ಸಿಕ್ಕಿಸಿಕೊಂಡರು. ಮೂವತ್ತು ವರ್ಷದ ಮುಳ್ಳೊಂದು ಕಿತ್ತುಬಂದ ಹಗುರ ಅವರ ಮುಖದಲ್ಲಿ ಪಂಚಾಕ್ಷರಯ್ಯನವರಿಗೆ ಸ್ಪಷ್ಟವಾಗಿ ಕಂಡಿತು.

ಕಮಲವ್ವ: ಇನ್ನೊಂದು ರೊಟ್ಟಿ ತಗೋಪಾ. ಆದ್ರ ನಾವು ಬಂದಿದ್ದು ಅಂಜಲಿಗೆ ತಿಳಿದ್ರ ಎಲ್ಲಾ ಕೆಡತೈತಿ. ಅಕಿ ಹಟ ನಿನಗ ಗೊತ್ತಿಲ್ಲ.

ಮುತ್ತುರಾಜ: ನಂಗೂ ಅದೇ ಭಯ ಅಮ್ಮಾ. ನನ್ ಬಾಯಿಂದ ಒಂದ್ ಮಾತೂ ಬರಲ್ಲ. ಆಣೆ.

ಆಣೆ ಮುಗಿಯುವಷ್ಟರಲ್ಲಿ ಕಮಲವ್ವನ ಫೋನು ಬಡಿದುಕೊಂಡಿತು. ಅವರು ಯಾವ ಫೋನನ್ನೂ ಕಿವಿಗೆ ಹಿಡಿದವರಲ್ಲ. ಸ್ಪೀಕರಿಗೆ ಹಾಕಿ ಅಂಗೈಯಲ್ಲಿ ಆರತಿಯ ಹಾಗೆ ಹಿಡಿಯುವವರು. ಎಲ್ಲರೂ ಉಸಿರು ಬಿಗಿಹಿಡಿದರು, ಜೊಂಡಿನ ಹಕ್ಕಿಗೆ ಹಿಡಿದದ್ದಕ್ಕಿಂತ ಬಿಗಿಯಾಗಿ.

ಅಂಜಲಿ: ಅವ್ವಾ, ಎಲ್ಲಿದ್ದೀರಿ? ಇನ್ನೂ ದರ್ಶನ ಆಗಿಲ್ಲೇನು?

ಕಮಲವ್ವ: ಗುಡಿಯಾಗ ಭಾಳ ಗದ್ದಲ ಐತಿ ಮಗಳ. ಪಾಳಿಯಾಗ ನಿಂತೀವಿ.

ಅಂಜಲಿ: ಗದ್ದಲಾನೇ ಕೇಳಸವಲ್ದು. ಬರೇ ಏನೋ ಟಣ್ ಟಣ್ ಅನ್ನಾಕತ್ತೈತಿ?

ಹೊಂಗೆಯ ತುದಿಯಲ್ಲಿ ಯಾವುದೋ ಹಕ್ಕಿ ತಗಡು ಬಡಿದಂತೆ ಒಂದೇ ಸಮನೆ ಕೂಗುತ್ತಿತ್ತು. ಕಮಲವ್ವ ಸೋಲುವವರಲ್ಲ.

ಕಮಲವ್ವ: ಅದಾ? ಮಂಗಳಾರತಿ ನಡದೈತಲ್ಲ, ಗುಡಿ ಗಂಟಿ.

ಮುತ್ತುರಾಜ: ಅದು ಗಂಟೆ ಅಲ್ಲಮ್ಮ, ಕಂಚುಕುಟಿಗ ಹಕ್ಕಿ.

ಹೇಳಿಯಾದ ಮೇಲೆ ಬಾಯಿ ಮುಚ್ಚಿಕೊಂಡ. ಕರೀಂ ಹಣೆ ಚಚ್ಚಿಕೊಂಡ. ಪಂಚಾಕ್ಷರಯ್ಯನವರು ತಮ್ಮ ಕೈಯಲ್ಲಿದ್ದ ಅವನ ಅರ್ಧ ರೊಟ್ಟಿಯನ್ನು, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಕಟಕ್ಕನೆ ಕಡಿದರು.

ಅಂಜಲಿ: ಅವ್ವಾ.

ಕಮಲವ್ವ: ಏನು ಮಗಳ?

ಅಂಜಲಿ: ಆ ಪೂಜಾರಿ ಕೈಯಾಗ ಫೋನ್ ಕೊಡು.