ನೀರು ಕುಡಿಯುವ ಅಂಗಳ

ಅಂಗಳಕ್ಕೆ ಸಗಣಿ ಬಗ್ಗಡ ಹಾಕಕೂಡದೆಂದು ಹೆತ್ತ ತಾಯಿಗೇ ಕಟ್ಟಪ್ಪಣೆ ಮಾಡಿದ ಗಂಡಸು ಚಿನಕುರಳಿಯಲ್ಲಿ ರಘುನಂದನ ಒಬ್ಬನೇ ಇರಬೇಕು. ಇದು ಜಲ್ಲಿ ಸಿಮೆಂಟಿನ ಅಂಗಳ, ಮರಳು ಹಾಕಿಲ್ಲ, ಮೈಯೆಲ್ಲ ತೂತು, ಬಿದ್ದ ನೀರನ್ನೆಲ್ಲ ಕುಡಿದುಬಿಡುತ್ತದೆ, ಬಗ್ಗಡ ಬಿದ್ದರೆ ತೂತು ಮುಚ್ಚಿ ಕೆಡುತ್ತದೆ ಎಂದು ವಿವರಿಸಿದ್ದ. ಅವ್ವ ಅಣ್ಣಮ್ಮನಿಗೆ ಮೈ ಉರಿದುಹೋಯಿತು. ಬಗ್ಗಡ ಕಾಣದ ಅಂಗಳ ಸೂತಕದ ಮನೆಯಂತಿದೆ ಎಂದು ಬಂದವರ ಮುಂದೆಲ್ಲ ಗೊಣಗುತ್ತಾ ಒಂದು ತಿಂಗಳು ತಳ್ಳಿದ್ದಳು.

ರಘುನಂದನ ನಾಗಮಂಗಲದ ಕಡೆಯ ಒಂದು ಕಾಲೇಜಿನಲ್ಲಿ ಸಿವಿಲ್ ಮೇಷ್ಟ್ರು. ಅಂಗಳ ಮಾಡಿಸಿದ್ದು ಶೋಕಿಗಲ್ಲ, ಪಕ್ಕದ ಮನೆಯ ಬೋರಯ್ಯನ ಕಾಟಕ್ಕೆ. ಇವನ ಮನೆ ದಿಣ್ಣೆಯ ಮೇಲೆ, ಅವನದು ತಗ್ಗಿನಲ್ಲಿ. ಇಲ್ಲಿ ಪಾತ್ರೆ ಬೆಳಗಿದ ನೀರು, ಬಟ್ಟೆ ಒಗೆದ ನೀರು, ಕಾರು ತೊಳೆದ ನೀರು ಎಲ್ಲವೂ ಹರಿದುಹೋಗಿ ಬೋರಯ್ಯನ ಕೊಟ್ಟಿಗೆ ಬಾಗಿಲಲ್ಲಿ ಕೆಸರಾಗುತ್ತಿತ್ತು. ಒಂದು ದಿನ ಡೈರಿಗೆ ಹಾಲು ಹಿಡಿದು ಹೊರಟ ಬೋರಯ್ಯ ಆ ಕೆಸರಿನಲ್ಲಿ ಜಾರಿ, ಕ್ಯಾನಿನ ಸಮೇತ ಮಲಗಿಬಿಟ್ಟ. ರಘುವಿನ ಮನೆಗೆ ಕಾರು ಬರುವ ದಾರಿ ಬೋರಯ್ಯನ ಕಡೆಯ ಜಾಗದಲ್ಲೇ ಹಾದುಬರುವುದು. ಇನ್ನೊಂದು ಸಲ ನೀರು ಇಳಿದರೆ ದಾರಿಗೆ ಅಡ್ಡ ಗೋಡೆ ಎಬ್ಬಿಸುತ್ತೇನೆ, ಕಾರನ್ನು ತಲೆ ಮೇಲೆ ಹೊತ್ತು ತರಲಿ ಎಂದು ಶಪಥ ಮಾಡಿದ.

ಹೊಸ ಅಂಗಳ ಬಂದ ಮೇಲೆ ನೀರು ನಿಂತಿತು. ಆದರೆ ಬೋರಯ್ಯ ನಂಬುವ ಆಸಾಮಿಯಲ್ಲ. ಈಗ ಕುಡಿಯುವ ಅಂಗಳ ಮಳೆಗಾಲದಲ್ಲಿ ಕಕ್ಕುತ್ತದೆ ಎಂದು ಕ್ವಾರಿಯಿಂದ ಒಂದು ಟ್ರಾಕ್ಟರು ಕಲ್ಲನ್ನೇ ತಂದು ಇಳಿಸಿದ. ಕಡೆಗೆ ಊರಿನ ಹಿರಿಯ ಮರಿಯಯ್ಯ ಮತ್ತು ಪಂಚರ ಎದುರಿಗೆ ಭಾನುವಾರ ಪರೀಕ್ಷೆಯೇ ಆಗಲೆಂದು ತೀರ್ಮಾನವಾಯಿತು.

ರಘು ಪೂರ್ತಿ ಸಿದ್ಧನಾಗಿದ್ದ. ಒಂದು ದಪ್ಪ ಪೈಪಿನ ನಡುವೆ ಅದೇ ಅಂಗಳದ ತುಂಡನ್ನು ಕೂರಿಸಿ, ತುಂಡಿನ ಈಚೆಗೊಂದು ಆಚೆಗೊಂದು ಪ್ಲಾಸ್ಟಿಕ್ ನಳಿಗೆ ನಿಲ್ಲಿಸಿದ್ದ. ನೀರು ಬಿಟ್ಟಾಗ ಎರಡೂ ನಳಿಗೆಯಲ್ಲಿ ನೀರು ಏರುತ್ತದೆ. ಆ ಎರಡು ಮಟ್ಟಗಳ ಅಂತರವೇ ತುಂಡನ್ನು ದಾಟುವಾಗ ನೀರು ಕಳೆದುಕೊಂಡ ಒತ್ತಡ. ಅಂತರ ಕಡಿಮೆಯಿದ್ದಷ್ಟೂ ತೂತುಗಳು ತೆರೆದಿವೆ ಎಂದು ಪಾಠ ಮಾಡಿದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದಂತಿದೆ ಎಂದು ಮರಿಯಯ್ಯ ಕನ್ನಡಕ ಏರಿಸಿ ನೋಡಿದ. ಅಂತರ ಎರಡೇ ಬೆರಳು ಬಂತು. ಅಂಗಳದ ಮೇಲೆ ಸುರಿದ ಬಕೀಟು ನೀರೂ ಕಣ್ಣು ಮಿಟುಕಿಸುವುದರಲ್ಲಿ ಮಾಯವಾಯಿತು.

"ಒಂದ್ ಬಕೀಟು ನೀರ ನಮ್ಮೆಮ್ಮೆನೂ ಕುಡಿತದೆ ಕಣ್ಲಾ," ಎಂದ ಬೋರಯ್ಯ.

ಅಲ್ಲಿಗೆ ಸುಮ್ಮನಿದ್ದರೆ ಗೆದ್ದಂತೆ. ರಘುವಿಗೆ ಎಲ್ಲಿತ್ತೋ ರೋಷ. "ಟ್ಯಾಂಕರ್ ತಂದ್ ಸುರೀತೀನಿ ಬೋರಣ್ಣ. ಒಂದ್ ತೊಟ್ಟು ನಿನ್ ಕಡೆ ಬಂದ್ರೆ ಆ ಕಲ್ಲ ನಾನೇ ಹೊತ್ತು ಗೋಡೆ ಕಟ್ತೀನಿ," ಎಂದುಬಿಟ್ಟ. ಅಣ್ಣಮ್ಮ ಬಾಗಿಲ ಮರೆಯಿಂದ ಕಣ್ಸನ್ನೆ ಮಾಡಿದ್ದು ಅವನಿಗೆ ಕಾಣಲೇ ಇಲ್ಲ.

ಟ್ಯಾಂಕರ್ ಸಿದ್ದರಾಜು ಯಾರದೋ ಮನೆಯ ಬಾಡೂಟದಲ್ಲಿ ಕೂತಿದ್ದ. ಎರಡನೇ ಮುದ್ದೆ ಮುಗಿಯುವ ತನಕ ಏಳುವುದಿಲ್ಲ ಎಂದ. ರಘು ಎಲೆಯ ಮುಂದೆ ಕಾದು ನಿಂತ. ಆಮೇಲೆ ಟ್ಯಾಂಕರಿನ ಹಿಂದೆ ನಿಂತು ಬರುವಾಗ ಅದು ದಾರಿಯುದ್ದಕ್ಕೂ ಸೋರಿ, ಮೇಷ್ಟ್ರು ಸೊಂಟದವರೆಗೆ ತೊಯ್ದುಹೋದರು.

ಮನೆ ಮುಂದೆ ಇಳಿದು ನೋಡುತ್ತಾನೆ: ಅಂಗಳದ ತುದಿಯಿಂದ ತುದಿಗೆ ದಪ್ಪಗೆ ಹಸಿರು ಬಗ್ಗಡ ಬಳಿದಿದೆ. ಒಂದು ತೂತೂ ಕಾಣದು. ನಡುವೆ ರಂಗೋಲಿ ಬೇರೆ.

ಕಾಫಿ ಕುಡಿಯಲು ಬೋರಯ್ಯನ ಮನೆಗೆ ಹೋಗಿದ್ದ ಪಂಚರು ಆಗತಾನೆ ಬರುತ್ತಿದ್ದರು. ರಘು ಅವ್ವನ ಮೇಲೆ ಹಾರಾಡಿದ. ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದ ಅಣ್ಣಮ್ಮ ಸೌಟು ಹಿಡಿದೇ ಹೊರಬಂದಳು.

"ನಿನ್ನಾಣೆಗೂ ನಾನಲ್ಲ ಕಣ್ಲಾ. ಆದ್ರೂ ಯಾರೇ ಹಾಕಿರ್ಲಿ, ಕೈ ಚೆಂದಾಗದೆ."

ನಾಳೆಗೆ ಇಟ್ಟುಕೊಳ್ಳೋಣವೇ ಎಂದು ಮರಿಯಯ್ಯ ಕೇಳಿದ. ಸೋಲೋನಿಗೆ ಸಗಣಿ ನೆಪ ಎಂದು ಬೋರಯ್ಯ ನಕ್ಕ. ರಘುವಿನ ನೆತ್ತಿಗೇರಿತು. "ಬುಡಯ್ಯ ಸಿದ್ದರಾಜು ನೀರ," ಎಂದ.

ಅಂಗಳ ಒಂದು ಗುಟುಕೂ ಕುಡಿಯಲಿಲ್ಲ. ಟ್ಯಾಂಕರಿನಷ್ಟೂ ನೀರು ರಂಗೋಲಿಯನ್ನು ಹೊತ್ತುಕೊಂಡು ನೇರ ಬೋರಯ್ಯನ ಕೊಟ್ಟಿಗೆಗೆ ನುಗ್ಗಿತು. ಬೋರಯ್ಯ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಗೆದ್ದ ಖುಷಿಯಲ್ಲಿ ಕುಣಿದ. ರಘು ಯಾರ ಮುಖವನ್ನೂ ನೋಡದೆ, ಆಡಿದ ಮಾತಿಗೆ ತಪ್ಪಲಾರೆನೆಂದು, ಒಂದು ಕಲ್ಲೆತ್ತಿ ಹೆಗಲಿಗಿಟ್ಟ. ಅವನ ಕಣ್ಣು ತುಂಬಿದ್ದು ನಿಜ.

"ಕಲ್ಲು ಇಳ್ಸು ರಘು."

ಕೊಟ್ಟಿಗೆಯ ಹಿಂದಿನಿಂದ ಬಂದ ದನಿ ಬೋರಯ್ಯನ ಹೆಂಡತಿ ಮಂಗಳಮ್ಮನದು. ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ಹರಿದುಬಂದ ನೀರನ್ನು ಬಾಳೆಗೂ ಸೀಮೆಹುಲ್ಲಿಗೂ ತಿರುಗಿಸುತ್ತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಸಗಣಿ ಒಣಗಿತ್ತು. ಎಲ್ಲರೂ ಆ ಕೈಗಳನ್ನೇ ನೋಡಿದರು.

"ನಾನೇ ಬಳ್ದೆ, ಏನೀಗ? ನಿಮ್ ನೀರು ನಿಂತು ತಿಂಗ್ಳಾಯ್ತು, ನನ್ ಬಾಳೆ ಬಾಡೋಯ್ತು, ಹುಲ್ಲು ಒಣಗೋಯ್ತು. ಈವಯ್ಯ ಜಾರ್ಬಿದ್ದ ಅಂತ ನನ್ನೆಮ್ಮೆ ಉಪ್ವಾಸ ಇರ್ಬೇಕಾ? ದಾರಿ ಜಾಗ ನಮ್ಮಪ್ಪ ನನಗೆ ಕೊಟ್ಟಿದ್ದು. ನೀರು ಬರೋಗಂಟ ದಾರಿ ಇರ್ತದೆ. ನಿಂತ ದಿವ್ಸ ಗೋಡೆ ನಾನ್ ಕಟ್ಟುಸ್ತೀನಿ."

ಬೋರಯ್ಯ ಮನೆ ಅಳಿಯನೆಂಬುದು ಊರಿಗೇ ಮರೆತುಹೋಗಿತ್ತು. ಅವನಿಗೂ ಈಗಲೇ ನೆನಪಾಯಿತು. ಕುಣಿತ ನಿಂತಿತು. ಮರಿಯಯ್ಯ ಉಪ್ಪಿಟ್ಟು ಮುಗಿಸಿ ತೀರ್ಪು ಕೊಟ್ಟ: ದಿನಾ ಬೆಳಗ್ಗೆ ಅಂಗಳಕ್ಕೆ ಬಗ್ಗಡ ಬಳಿಯಬೇಕು, ಪೈಪಿನ ತುಂಡಿಗೂ ಅದನ್ನೇ ಮೆತ್ತಿ, ನೀರು ಇಂಗುತ್ತಿಲ್ಲವೆಂದು ನಳಿಗೆಯಲ್ಲಿ ಮಂಗಳಮ್ಮನಿಗೆ ತೋರಿಸಬೇಕು. ಯಾರು ಬಳಿಯಬೇಕೆಂಬ ಪ್ರಶ್ನೆ ಬಂದಾಗ ಅಣ್ಣಮ್ಮ ಹೇಳದೆ ಕೇಳದೆ ಬಗ್ಗಡದ ಬಕೀಟನ್ನು ತಂದು ಮಗನ ಕೈಗಿಟ್ಟಳು.

ಸಂಜೆ ರಘು ತುಂಡಿಗೆ ಸಗಣಿ ಮೆತ್ತಿ ನೀರು ಬಿಟ್ಟ. ಮೊದಲ ನಳಿಗೆ ತುಂಬಿ ಅವನ ಅಂಗಿಯ ಮೇಲೆ ಉಕ್ಕಿತು. ಎರಡನೆಯದು ಒಣಗಿಯೇ ನಿಂತಿತ್ತು. ಕೆಳಗೆ ಕೆಸರು ಬಾಚುತ್ತಿದ್ದ ಬೋರಯ್ಯ ತಲೆಯೆತ್ತಿ, ಪಾಸಾಯಿತೇ ಎಂದು ಕೇಳಿದ.

ರಘು ಸಗಣಿ ಕೈಯಲ್ಲೇ ಎದೆ ತಟ್ಟಿಕೊಂಡ. "ಒಂದ್ ತೊಟ್ಟೂ ಇಂಗ್ತಿಲ್ಲ ಬೋರಣ್ಣ. ನಂಬ್ಕೆ ಇಲ್ದಿದ್ರೆ ಹೇಳು, ನಾಳೆ ಟ್ಯಾಂಕರ್ ತಂದ್ ಸುರೀತೀನಿ."