ಪಿಟೀಲು ಮೇಷ್ಟ್ರ ಸ್ಟೇರಿಂಗ್ ರಿಪೇರಿ

ಪಿಟೀಲು ಮೇಷ್ಟ್ರು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಟ್ರಾಕ್ಟರು ಕೇಳಿಸಿಕೊಂಡ ಹಾಗೇ ತೋರಲಿಲ್ಲ. ಇನ್ನಷ್ಟು ತಿರುಗಿಸಿದರು. ನಿದ್ದೆಯಿಂದ ಎಬ್ಬಿಸಿದ ಗುಮಾಸ್ತನ ಹಾಗೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಒಮ್ಮೆಗೇ ಬಲಕ್ಕೆ ಹೊರಳಿತು. ಅಷ್ಟರಲ್ಲಿ ಬಟ್ಟೆ ಒಣಹಾಕಿದ ತಂತಿ ಎದುರಿಗೇ ಬಂದಿತ್ತು. ಒದ್ದೆ ಬೆಡ್‌ಶೀಟೊಂದು ಮೇಷ್ಟ್ರ ತಲೆಯನ್ನು ಆವರಿಸಿತು. ಅವರು ಕತ್ತಲಲ್ಲಿ ಬ್ರೇಕಿಗಾಗಿ ತಡಕಾಡುತ್ತಿರುವಾಗ ಗಾಡಿ ತಾನಾಗಿಯೇ ಹೋಗಿ ಬೇಲಿಗೆ ಮೂತಿ ಒರೆಸಿಕೊಂಡು ನಿಂತಿತು.

ಹೆಂಡತಿ ಓಡಿಬಂದು ಬೆಡ್‌ಶೀಟು ಸರಿಸಿದಳು. "ರೀ, ಏನಾದ್ರೂ ಆಯ್ತಾ?"

"ನನಗೇನಾಗಿಲ್ಲ. ನಿಮ್ಮಪ್ಪನ ಗಾಡಿಗೆ ಕಿವಿ ಕೇಳಲ್ಲ, ಅಷ್ಟೇ."

ಅದು ಹುಲ್ಲು ಕತ್ತರಿಸುವ ಪುಟ್ಟ ಟ್ರಾಕ್ಟರು. ಮನೆಯ ಹಿಂದಿನ ತೋಟಕ್ಕೆಂದು ಮಾವ ಕೊಂಡದ್ದು. ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದ ಮಾವನಿಗೆ ಆ ಗಾಡಿಯೆಂದರೆ ಪ್ರಾಣ. ಸ್ಟೇರಿಂಗನ್ನು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುವುತ್ತಾ, ಮೊಸರು ಕಡೆಯುವವರ ಹಾಗೆ ಅವರು ಅದನ್ನು ಓಡಿಸುತ್ತಿದ್ದರು. ಆ ಭಾನುವಾರ ಅವರು ಅತ್ತೆಯನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದರು. ಬರುವಷ್ಟರಲ್ಲಿ ಹುಲ್ಲು ಕತ್ತರಿಸಿಟ್ಟರೆ ಅವರಿಗೆ ಖುಷಿಯಾದೀತು ಎಂಬ ಆಸೆಯಿಂದ ಮೇಷ್ಟ್ರು ಗಾಡಿ ಹತ್ತಿದ್ದರು. ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿದ್ದರೂ ಮಾವ ಅವರೊಡನೆ ಆಡಿದ ಮಾತೆಂದರೆ "ಊಟ ಆಯ್ತಾ?" ಮತ್ತು "ಫ್ಯಾನ್ ಆರ್ಸಿ." ಇದರಾಚೆಗೆ ಒಂದು ಮಾತು ಕೇಳಬೇಕೆಂಬುದು ಮೇಷ್ಟ್ರ ಬಯಕೆ.

"ಸುಮ್ನೆ ಶೆಡ್ಡಿಗೆ ತಳ್ಳಿಬಿಡಿ. ಅಪ್ಪಂಗೆ ಗೊತ್ತಾಗಲ್ಲ," ಅಂದಳು ಹೆಂಡತಿ.

"ಇಲ್ಲ ಕಣೇ, ಇದನ್ನ ಸರಿಮಾಡೇ ಬಿಡ್ತೀನಿ. ನೀನು ಸ್ಟೇರಿಂಗ್ ಅಲ್ಲಾಡಿಸು."

ಮೇಷ್ಟ್ರು ಗಾಡಿಯ ಕೆಳಗೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಮೇಲೆ ಹೆಂಡತಿ ಸ್ಟೇರಿಂಗ್ ಅಲ್ಲಾಡಿಸಿದಾಗೆಲ್ಲ ಕೆಳಗೆ 'ಟಕ್' ಎನ್ನುತ್ತಿತ್ತು. ಮಕ್ಕಳ ಪಿಟೀಲಿನಲ್ಲಿ ಯಾವ ತಂತಿ ತಪ್ಪಿದೆಯೆಂದು ಬಾಗಿಲಾಚೆಯಿಂದಲೇ ಹೇಳುವ ಕಿವಿ ಅದು. ಮುಂದಿನ ಚಕ್ರಗಳನ್ನು ಸ್ಟೇರಿಂಗಿಗೆ ಸೇರಿಸುವ ಸರಳುಗಳ ತುದಿಯಲ್ಲಿ ಗುಂಡಿನಂಥ ಕೀಲುಗಳಿರುತ್ತವೆ. ಬಾಲ್ ಜಾಯಿಂಟು ಅನ್ನುತ್ತಾರೆ. ಅವೆಲ್ಲ ಸವೆದು ಮುದುಕರ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಮೇಷ್ಟ್ರು ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಜಾಯಿಂಟುಗಳನ್ನೂ ಒಂದು ಡಬ್ಬಿ ಗ್ರೀಸನ್ನೂ ತಂದರು.

ನಟ್ಟೇನೋ ಬಿಚ್ಚಿತು. ಜಾಯಿಂಟು ಮಾತ್ರ ಬರಲೊಲ್ಲದು. ಮೇಷ್ಟ್ರು ಎಳೆದರು, ಜಗ್ಗಿದರು, ಬೇಡಿಕೊಂಡರು. ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ ಗೋಡೆಯ ಮೇಲಿಂದ ಇಣುಕಿದರು.

"ಮೇಷ್ಟ್ರೇ, ಏನದು ಹೆರಿಗೆ ನೋವು?"

"ಜಾಯಿಂಟು ಹಿಡ್ಕೊಂಡಿದೆ ಡಾಕ್ಟ್ರೇ."

ಡಾಕ್ಟರಮ್ಮ ತೋಳೇರಿಸಿಕೊಂಡು ಬಂದೇಬಿಟ್ಟರು. "ಎಳೆದ್ರೆ ಯಾವುದೂ ಬರಲ್ಲ. ಮೊದಲು ಅಲ್ಲಾಡಿಸ್ಬೇಕು. ಸುತ್ತಿಗೆ ಕೊಡಿ." ಜಾಯಿಂಟು ಕೂತಿದ್ದ ಕಬ್ಬಿಣದ ತೋಳಿನ ಪಕ್ಕಕ್ಕೆ ಪಟಪಟನೆ ಎರಡೇಟು ಹಾಕಿದರು. ಜಾಯಿಂಟು ಟಣ್ ಎಂದು ತೋಳಿನಿಂದ ಕಳಚಿ ಸರಳಿನ ತುದಿಯಲ್ಲಿ ನೇತಾಡಿತು. "ನೋಡಿ, ನೋವೇ ಆಗಲಿಲ್ಲ," ಅಂದರು ಅಭ್ಯಾಸಬಲದಿಂದ.

ಆ ಸದ್ದಿಗೆ ಹಿಂದಿನ ಬೀದಿಯ ನಿವೃತ್ತ ಬಸ್ ಡ್ರೈವರು ಹಾಜರಾದರು. ಎಲ್ಲಿ ಬಾನೆಟ್ಟು ತೆರೆದರೂ ಅಲ್ಲಿ ಅವರು ಇರುತ್ತಿದ್ದರು. ಅವರ ಹಿಂದೆಯೇ ಎದುರುಮನೆಯ ಬೇಕರಿಯವನು, ಕೈಯೆಲ್ಲ ಮೈದಾಹಿಟ್ಟು.

"ಜಾಕ್ ಎಲ್ಲಿ?" ಕೇಳಿದರು ಡ್ರೈವರು.

"ಜಾಕ್ ಇಲ್ಲ."

"ನಾನಿದೀನಲ್ಲ," ಅಂದ ಬೇಕರಿಯವನು. ದಿನವೂ ಹಿಟ್ಟು ನಾದಿ ನಾದಿ ಅವನ ತೋಳುಗಳು ಒನಕೆಯಂತಾಗಿದ್ದವು. ಅವನು ಗಾಡಿಯ ಮುಂಭಾಗವನ್ನು ಎತ್ತಿ ಹಿಡಿದ. ಮೇಷ್ಟ್ರು ಕೆಳಗೆ ಇಟ್ಟಿಗೆ ಜೋಡಿಸಿದರು.

"ಮೇಷ್ಟ್ರೇ, ಹಳೇದನ್ನ ಸರಳಿಂದ ಬಿಚ್ಚುವಾಗ ಸುತ್ತು ಎಣಿಸ್ಬೇಕು. ಹೊಸದನ್ನ ಅಷ್ಟೇ ಸುತ್ತು ಹಾಕ್ಬೇಕು. ಇಲ್ದಿದ್ರೆ ಚಕ್ರ ವಾರೆ ಆಗುತ್ತೆ," ಎಂದರು ಡ್ರೈವರು. "ನೀವು ಬಿಚ್ಚಿ, ನಾನು ಎಣಿಸ್ತೀನಿ."

ಮೇಷ್ಟ್ರು ತಿರುಗಿಸಿದರು. ಅದು ಇನ್ನೂ ಬಿಗಿಯಾಯಿತು. ಮತ್ತಷ್ಟು ಶಕ್ತಿ ಹಾಕಿದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಆ ತುದಿಗೆ ಉಲ್ಟಾ ಥ್ರೆಡ್ಡು! ಆ ಕಡೆ ತಿರುಗಿಸ್ರಿ," ಎಂದರು ಡ್ರೈವರು.

"ಇದನ್ನ ಮೊದಲೇ ಹೇಳಬಾರದಾ?"

"ನೀವೆಷ್ಟು ಗಟ್ಟಿ ಇದೀರಾ ಅಂತ ನೋಡ್ತಿದ್ದೆ."

ಉಲ್ಟಾ ತಿರುಗಿಸಿದೊಡನೆ ಜಾಯಿಂಟು ಸರಾಗವಾಗಿ ಬಿಚ್ಚತೊಡಗಿತು. ಡ್ರೈವರು ಒಂದು, ಎರಡು ಎಂದು ಶುರುಮಾಡಿ, ಐದಕ್ಕೆ ಬರುವಾಗ ಘಾಟಿಯ ತಿರುವಿನಲ್ಲಿ ಬ್ರೇಕಿಲ್ಲದ ಬಸ್ಸನ್ನು ತಾವು ಇಳಿಸಿದ ಕತೆ ನೆನಪಿಸಿಕೊಂಡರು. ಬಸ್ಸು ಕ್ಷೇಮವಾಗಿ ಕೆಳಗೆ ತಲುಪಿದಾಗ ಜಾಯಿಂಟುಗಳೆಲ್ಲ ಮೇಷ್ಟ್ರ ಕೈಗೆ ಬಂದಿದ್ದವು.

"ಎಷ್ಟು ಸುತ್ತಾಯ್ತು?"

ಡ್ರೈವರು ಆಕಾಶ ನೋಡಿದರು. "ಸುಮಾರು ಆಯ್ತು."

ಹೊಸ ಜಾಯಿಂಟು ಹಾಕಿ, ಇಟ್ಟಿಗೆ ತೆಗೆದು ನೋಡಿದರೆ ಟ್ರಾಕ್ಟರಿಗೆ ಮೆಳ್ಳೆಗಣ್ಣು ಬಂದಿತ್ತು. ಒಂದು ಚಕ್ರ ಬೇಕರಿ ನೋಡುತ್ತಿತ್ತು, ಇನ್ನೊಂದು ಡಾಕ್ಟರಮ್ಮನ ಕ್ಲಿನಿಕ್ಕು. ಎಲ್ಲರೂ ಸೇರಿ ವಾದ ಶುರುಮಾಡಿದರು. ಬಲಗಡೆಯದನ್ನು ಬಿಗಿ ಮಾಡಿ ಎಂದು ಒಬ್ಬರು, ಎಡಗಡೆಯದನ್ನು ಸಡಿಲ ಮಾಡಿ ಎಂದು ಇನ್ನೊಬ್ಬರು. ಒದ್ದು ನೋಡೋಣ ಎಂದ ಬೇಕರಿಯವನು.

ಮೇಷ್ಟ್ರು ಎದ್ದು ಒಳಗೆ ಹೋಗಿ, ಪಿಟೀಲಿನಿಂದ ಕಳಚಿಟ್ಟಿದ್ದ ಹಳೆಯ ತಂತಿಗಳನ್ನು ಗಂಟು ಹಾಕಿಕೊಂಡು ಬಂದರು. ಎರಡು ಚಕ್ರಗಳ ನಡುವಿನ ದೂರ ಅಳೆಯಲು ಅದನ್ನು ಮುಂದಿನ ಅಂಚಿಗೆ ಹಿಡಿದರು, ಹಿಂದಿನ ಅಂಚಿಗೆ ಹಿಡಿದರು. ಸರಳನ್ನು ಚೂರು ಚೂರೇ ತಿರುವಿದರು, ಮತ್ತೆ ಹಿಡಿದರು. ತಂತಿ ಬಿಗಿಮಾಡುವಾಗ ಬರುವ ತಾಳ್ಮೆ ಅವರ ಕೈಗೆ ಬಂತು. ಕೊನೆಗೆ ಎರಡು ಚಕ್ರಗಳೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತವು.

ಮೇಷ್ಟ್ರು ಗಾಡಿ ಹತ್ತಿದರು. ಬೆರಳಲ್ಲಿ ಮುಟ್ಟಿದರೆ ಸಾಕು, ಅದು ತಿರುಗುತ್ತಿತ್ತು. ಹೂವಿನ ಪಾತಿಗಳ ನಡುವೆ ನೀರಿನ ಹಾಗೆ ಹರಿದು ಹೋಯಿತು. ಬೇಕರಿಯವನು ಚಪ್ಪಾಳೆ ತಟ್ಟಿದಾಗ ಮೈದಾಹಿಟ್ಟಿನ ಮೋಡವೇ ಎದ್ದಿತು. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ ನಕ್ಕಳು. ಮೇಷ್ಟ್ರಿಗೆ ಸಂಗೀತ ಕಛೇರಿಯಲ್ಲೂ ಅಷ್ಟು ಹಿಗ್ಗು ಆಗಿರಲಿಲ್ಲ.

ಸಂಜೆ ಮಾವ ಬಂದರು. ಓರಣವಾದ ಹುಲ್ಲು ನೋಡಿದರು, ಅಳಿಯನ ಮೂಗಿನ ಮೇಲಿನ ಗ್ರೀಸು ನೋಡಿದರು. ಗಾಡಿ ಹತ್ತಿ ಒಂದು ಸುತ್ತು ಹೊಡೆದರು. ಇಳಿದಾಗ ಅವರ ಮುಖ ಕಪ್ಪಿಟ್ಟಿತ್ತು.

"ಯಾರು ಮಾಡಿದ್ದು?"

"ನಾನೇ ಮಾವ," ಎಂದರು ಮೇಷ್ಟ್ರು, ಎದೆಯುಬ್ಬಿಸಿ.

ಮಾವ ಅವರ ಮೊಣಕೈ ಹಿಡಿದು ಶೆಡ್ಡಿನ ಒಳಕ್ಕೆ ಎಳೆದುಕೊಂಡು ಹೋದರು. ಮೂಲೆಯ ಒಂದು ಡಬ್ಬಿ ತೆರೆದು ತೋರಿಸಿದರು. ಒಳಗೆ ಬಾಲ್ ಜಾಯಿಂಟುಗಳು, ಎಲ್ಲವೂ ಹೊಚ್ಚಹೊಸವು.

"ಇದು... ಮಾವ, ಇದ್ದೂ ನೀವು ಯಾಕೆ ಹಾಕಿಲ್ಲ?"

"ಅಳಿಯಂದ್ರೇ," ಎಂದರು ಮಾವ ಪಿಸುದನಿಯಲ್ಲಿ, "ಗಾಡಿ ಹೊಸದಾಗಿದ್ದಾಗ ಅದು ನಮ್ಮನೇಲಿ ನಿಲ್ತಾನೇ ಇರ್ಲಿಲ್ಲ. ಇವತ್ತು ಅವರು, ನಾಳೆ ಇವರು. ಕೇಳಿದ್ರೆ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಆಮೇಲೆ ಜಾಯಿಂಟು ಸವೀತು. ಆ ಡ್ರೈವರು ತಗೊಂಡು ಹೋಗಿ ಅವರ ಗೇಟಿಗೇ ಗುದ್ದಿದ್ರು. ಅವತ್ತಿಂದ ಒಬ್ರು, ಒಬ್ಬರೇ ಒಬ್ರು ಕೇಳಿಲ್ಲ! ಗೋದಾಮಲ್ಲಿ ಎಂಥೆಂಥಾ ಬೀಗ ನೋಡಿದೀನಿ. ಆ ಸಡಿಲ ಸ್ಟೇರಿಂಗಿನಂಥ ಬೀಗ ಇನ್ನೊಂದಿಲ್ಲ. ಅದನ್ನ ನೀವು ಮುರಿದುಬಿಟ್ರಲ್ರೀ!"

ಮದುವೆಯಾದ ಮೇಲೆ ಮಾವ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅಷ್ಟರಲ್ಲಿ ಹೊರಗೆ ಗೇಟು ಕಿರುಗುಟ್ಟಿತು.

"ಯಜಮಾನ್ರು ಬಂದ್ರಾ?" ಡಾಕ್ಟರಮ್ಮನ ದನಿ. "ಗಾಡಿ ಸರಿಹೋಯ್ತಲ್ಲ, ನಮ್ಮ ಕ್ಲಿನಿಕ್ ಹಿಂದೆ ಹುಲ್ಲು ಸೊಂಟದವರೆಗೆ ಬೆಳೆದಿದೆ. ಜಾಯಿಂಟು ಕಿತ್ತಿದ್ದು ನಾನೇ ನೋಡಿ."

"ಎತ್ತಿದ್ದು ನಾನು," ಅಂದ ಬೇಕರಿಯವನು. "ಮೊದಲು ನಮ್ಮನೆಗೆ."

"ಎಣಿಸಿದ್ದು ನಾನು," ಎಂದರು ಡ್ರೈವರು, ಕಣ್ಣು ಮಿಟುಕಿಸದೆ.

ಮಾವ ಹೊರಗೆ ಬಂದರು. ಮೂವರನ್ನೂ ನೋಡಿದರು, ಆಮೇಲೆ ಅಳಿಯನನ್ನು ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು. ಪ್ರೀತಿಯಿಂದ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದರು.

"ಅದಕ್ಕೇನಂತೆ, ಧಾರಾಳವಾಗಿ! ಆದ್ರೆ ಹೊಸ ಜಾಯಿಂಟು ನೋಡಿ, ಕಂಡಕಂಡವರ ಕೈಗೆ ಕೊಡಕ್ಕಾಗಲ್ಲ. ಗಾಡಿ ಜೊತೆ ನಮ್ಮ ಅಳಿಯಂದ್ರೇ ಬರ್ತಾರೆ. ಪ್ರತಿ ಭಾನುವಾರ, ಎಲ್ಲರ ಮನೆಗೂ. ಕುಯ್ಯೋದ್ರಲ್ಲಿ ಅವರದು ಪಳಗಿದ ಕೈ."

"ಇನ್ನೂ ಬೆಳಕಿದೆ, ಈಗ್ಲೇ ಶುರುಮಾಡಬಹುದಲ್ಲ?" ಅಂದ ಬೇಕರಿಯವನು.

ಟ್ರಾಕ್ಟರು ಮೇಷ್ಟ್ರನ್ನು ಹೊತ್ತು ಬೀದಿಗಿಳಿಯಿತು. ಬೇಕರಿಯವನ ಹಿತ್ತಲಿನಲ್ಲಿ ಹುಲ್ಲು ಎದೆಯುದ್ದ ನಿಂತಿತ್ತು. ಬೀದಿಯ ಈಚೆ ಡಾಕ್ಟರಮ್ಮ ತಮ್ಮ ಗೇಟನ್ನು ಆಗಲೇ ತೆರೆದಿಟ್ಟು ಕಾಯುತ್ತಿದ್ದರು. ಮೇಷ್ಟ್ರು ದೊಡ್ಡ ಆಸೆಯಿಂದ ಸ್ಟೇರಿಂಗನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿದರು. ಕೂದಲೆಳೆಯಷ್ಟೂ ಸಡಿಲವಿರಲಿಲ್ಲ.