ಡಂಗುರನ ಒಳಜೇಬು

ಅಷ್ಟೂ ರಾದ್ಧಾಂತಕ್ಕೆ ಕಾರಣ ಅಂಗೈಯಗಲದ ಒಂದು ಲಕೋಟೆ. ಬೆಳಿಗ್ಗೆ ಎಂಟಕ್ಕೆ ಐಸಿಯುವಿನ ಡಾಕ್ಟರಮ್ಮ ಅದನ್ನು ಆಸ್ಪತ್ರೆಯ ಸ್ಟೋರ್ ಕೀಪರನ ಕೈಗಿಟ್ಟು, ಹತ್ತು ಜನರ ಎದುರಿಗೇ ಹೇಳಿದರು: "ಜೋಪಾನ. ಯಾವ ನಂಬರಿನ ಚೀಲದಲ್ಲಿ ಯಾವ ಡ್ರಿಪ್ ಇದೆ ಅನ್ನೋ ಗುಟ್ಟು ಇದರಲ್ಲಿದೆ. ಸಂಜೆ ನಾನೇ ಬಂದು ತಗೋತೀನಿ. ಅಲ್ಲೀತನಕ ಒಡೀಬೇಡಿ."

ಹತ್ತೂ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಯಾಕೆಂದರೆ ಸ್ಟೋರ್ ಕೀಪರನಿಗೆ ಅವರೆಲ್ಲ ಇಟ್ಟ ಹೆಸರು ಡಂಗುರ. ಬೆಳಿಗ್ಗೆ ಅವನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಶವಾಗಾರದಲ್ಲಿ ಮಲಗಿದವರಿಗೂ ತಿಳಿದುಹೋಗುತ್ತಿತ್ತು.

ಐಸಿಯುವಿನಲ್ಲಿ ಮೂರು ತಿಂಗಳಿಂದ ಒಂದು ಪರೀಕ್ಷೆ ನಡೆದಿತ್ತು. ರಕ್ತದೊತ್ತಡ ಕುಸಿದು ಬಂದವರಿಗೆ ಬರೀ ಉಪ್ಪುನೀರಿನ ಡ್ರಿಪ್ ಮೇಲೋ, ರಕ್ತಕ್ಕೆ ಹೊಂದುವಂತೆ ನಾಲ್ಕಾರು ಲವಣ ಬೆರೆಸಿದ್ದು ಮೇಲೋ? ಎರಡನ್ನೂ ವರ್ಷಾನುಗಟ್ಟಲೆಯಿಂದ ಕೊಡುತ್ತ ಬಂದದ್ದೇ. ಆದರೆ ಯಾರಿಗೂ ಖಾತ್ರಿಯಿಲ್ಲ. ಕೊಡುವವರ ಮನಸ್ಸು ಒಂದು ಕಡೆ ವಾಲಬಾರದೆಂದು ಚೀಲಗಳಿಗೆಲ್ಲ ಒಂದೇ ಬಿಳಿ ಹೊದಿಕೆ, ಮೇಲೊಂದು ನಂಬರು.

ಡಂಗುರ ಲಕೋಟೆಯನ್ನು ಒಳಜೇಬಿಗೆ ಸೇರಿಸಿ, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ನಂಬಿದ್ದರು.

ಮೊದಲು ಬಂದದ್ದು ಹೆಡ್ ನರ್ಸ್. "ನಾನೇನೂ ಕೇಳ್ತಿಲ್ಲಪ್ಪಾ. ಎಂಟನೇ ನಂಬರು ಉಪ್ಪುನೀರೇ ತಾನೆ? ಬಾಯಿ ಬಿಡೋದು ಬೇಡ, ತಲೆ ಆಡಿಸು ಸಾಕು."

ತಲೆ ತಾನಾಗಿ ಆಡಿಬಿಟ್ಟೀತೆಂದು ಡಂಗುರ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡ.

"ಹಲ್ಲುನೋವಾ? ಪಾಪ!" ಎಂದು ಆಕೆ ಹೋದಳು. ಐದೇ ನಿಮಿಷಕ್ಕೆ ಎಕ್ಸ್-ರೇಯವನು ಹಾಜರಾದ. "ಬಾರೋ, ದವಡೆ ಫೋಟೋ ತೆಗೀತೀನಿ. ಅಂಗಿ ಬಿಚ್ಚು."

"ದವಡೆಗೆ ಅಂಗಿ ಯಾಕೋ ಬಿಚ್ಚಬೇಕು?"

"ಅದು... ಬೇರು ಎಲ್ಲೀವರೆಗೆ ಇಳಿದಿದೆಯೋ ನೋಡಬೇಕಲ್ಲ!"

ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕುವಷ್ಟರಲ್ಲಿ ಕಿಟಕಿಯಲ್ಲಿ ಅಕ್ಕನ ಮುಖ ಕಾಣಿಸಿತು. ಸೋಂಕು ಮೈಗೆಲ್ಲ ಏರಿ ಭಾವ ನಿನ್ನೆಯಿಂದ ಐಸಿಯುವಿನಲ್ಲಿದ್ದರು. ಅಕ್ಕ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ.

"ಲೋ, ನಿನ್ನ ಭಾವನಿಗೆ ಹನ್ನೊಂದನೇ ನಂಬರು ಹಾಕಿದಾರೆ. ಅದು ಒಳ್ಳೇದಾ, ಕೆಟ್ಟದ್ದಾ?"

"ಕೆಟ್ಟದ್ದು ಅಂತ ಇಲ್ಲವೇ ಇಲ್ಲ ಅಕ್ಕಾ. ಯಾವುದು ಜಾಸ್ತಿ ಒಳ್ಳೇದು ಅಂತ ಗೊತ್ತಿಲ್ಲ, ಅದಕ್ಕೇ ಪರೀಕ್ಷೆ. ನೀನೇ ಸಹಿ ಹಾಕಿದೀಯಲ್ಲ."

"ಅದರಲ್ಲಿ ಏನೇನಿರತ್ತೆ, ಅದನ್ನಾದ್ರೂ ಹೇಳು."

"ಒಂದರಲ್ಲಿ ಉಪ್ಪುನೀರು."

"ಅಯ್ಯೋ! ಇವರಿಗೆ ಉಪ್ಪು ಮುಟ್ಟಬೇಡಿ ಅಂತ ಹತ್ತು ವರ್ಷದಿಂದ ಹೇಳ್ತಿದಾರೆ. ಇನ್ನೊಂದರಲ್ಲಿ?"

"ಅದರಲ್ಲೂ ಉಪ್ಪೇ. ಜೊತೆಗೆ ಇನ್ನಷ್ಟು ಲವಣ."

ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. "ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಇದು. ಊರವರ ಗುಟ್ಟೆಲ್ಲ ಸಾರಿದೆ, ಒಡಹುಟ್ಟಿದವಳಿಗೆ ಒಂದು ಮಾತು ಹೇಳಲಾರೆಯಾ? ಹೋಗು, ಇನ್ನು ನಿನ್ನ ಮುಖ ನೋಡಲ್ಲ!"

ಅವಳು ಹೋದಮೇಲೆ ಡಂಗುರ ರಟ್ಟಿನ ಡಬ್ಬಗಳ ನಡುವೆ ಕೂತು ಲಕೋಟೆ ತೆಗೆದ. ಬೆರಳು ಅಂಟಿನ ಮೇಲೆ ಹೋಯಿತು. ಒಡೆದರೆ? ಬಾಯಿ ಮುಚ್ಚಿಕೊಂಡರೂ ಮುಖ ಹೇಳಿಬಿಡುತ್ತದೆ. ಆಮೇಲೆ ಅಕ್ಕ ಚೀಲ ಬದಲಿಸಿ ಎಂದು ರಂಪ ಮಾಡುತ್ತಾಳೆ, ಅವಳ ಹಿಂದೆ ಉಳಿದವರೂ. ಮೂರು ತಿಂಗಳ ಕೆಲಸ ನೀರಿನಲ್ಲಿ ಹೋಮ. ಕಣ್ಣೊರೆಸಿಕೊಂಡು ಲಕೋಟೆಯನ್ನು ಮತ್ತೆ ಒಳಗಿಟ್ಟ. ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ; ಅನ್ನಕ್ಕೆ ಬಾಯಿ ತೆರೆದರೆ ಮಾತೂ ಹೊರಬಿದ್ದೀತೆಂಬ ಭಯ.

ಸಂಜೆ ಡಾಕ್ಟರಮ್ಮ ಬಂದರು. "ತಗೊಳಿ ಮೇಡಂ, ಅಂಟು ಕೂಡ ಅಲುಗಿಲ್ಲ" ಎಂದು ಅವನು ಎರಡೂ ಕೈಯಲ್ಲಿ ಕೊಟ್ಟ. ಅವರು ಪರ್ರನೆ ಹರಿದು, ತಲೆಕೆಳಗು ಮಾಡಿ ಒದರಿದರು. ಏನೂ ಬೀಳಲಿಲ್ಲ.

"ಖಾಲಿ!"

"ಹೌದು. ನಿಜವಾದ ಪಟ್ಟಿ ಬೇರೆ ಊರಲ್ಲಿದೆ, ನನಗೂ ಗೊತ್ತಿಲ್ಲ. ಹಾಗಂತ ಹೇಳಿದ್ರೆ ಯಾರೂ ನಂಬಲ್ಲ, ಮೂರು ತಿಂಗಳಿಂದ ನನ್ನ ಪ್ರಾಣ ತಿಂದ್ರು. ಇವತ್ತು ಎಲ್ಲರೂ ನಿಮ್ಮ ಹಿಂದೆ ಬಿದ್ರು, ನಾನು ನೆಮ್ಮದಿಯಾಗಿ ರೋಗಿಗಳನ್ನ ನೋಡಿದೆ."

"ಹಾಗಾದ್ರೆ ನನ್ನ ಮೇಲಿನ ನಂಬಿಕೆ?"

"ನಂಬಿಕೆ ಇದ್ದಿದ್ರೆ ಖಾಲಿ ಲಕೋಟೆ ಕೊಡ್ತಿದ್ನಾ?" ಡಾಕ್ಟರಮ್ಮ ನಕ್ಕರು. "ಆದ್ರೆ ಇವತ್ತು ಗೆದ್ರಿ ಬಿಡಿ. ನಾಳೆಯಿಂದಲೂ ನೀವೇ. ಖಾಲಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಪರೀಕ್ಷೆ ಮುಗಿಯೋಕೆ ಇನ್ನೂ ಎರಡು ವರ್ಷ ಇದೆ."

ಅವರು ಅತ್ತ ಹೋದದ್ದೇ ಇತ್ತ ಅಕ್ಕ ಓಡಿಬಂದು ಅವನನ್ನು ತಬ್ಬಿಕೊಂಡಳು. "ನಿಮ್ಮ ಭಾವ ಕಣ್ಣು ಬಿಟ್ರು ಕಣೋ! ಬಿಪಿ ಮೇಲೆ ಬಂತಂತೆ! ಬಾಯಲ್ಲಿ ಹೇಳದಿದ್ರೂ ಕೈಯಲ್ಲಿ ಮಾಡಿ ತೋರಿಸಿದೆ. ಒಳ್ಳೇ ಚೀಲಾನೇ ಹಾಕಿಸಿದೆ!"

"ಅಕ್ಕಾ, ದೇವರಾಣೆ ನಾನೇನೂ ಮಾಡಿಲ್ಲ."

"ಗೊತ್ತು, ಗೊತ್ತು. ನೀನು ಹಾಗೇ ಹೇಳಬೇಕು." ಅವಳು ಕಣ್ಣು ಮಿಟುಕಿಸಿದಳು.

"ಯಾರ ಹತ್ರನಾದ್ರೂ ಹೇಳಿದೆಯಾ?"

"ಛೇ, ನಾನ್ಯಾಕೆ ಹೇಳಲಿ? ಐಸಿಯು ಹೊರಗೆ ಕೂತಿದ್ದ ಆರು ಮನೆಯವರಿಗೆ ಮಾತ್ರ."

ಡಂಗುರ ತಲೆಯೆತ್ತಿದ. ಆರು ಮನೆಯ ಮಂದಿಯೂ ಸ್ಟೋರಿನ ಬಾಗಿಲಿನಿಂದ ಮೆಟ್ಟಿಲವರೆಗೆ ಸಾಲುಗಟ್ಟಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ಮುದುಕರು ಕೈಮುಗಿದು, ಅವನ ಕಿವಿಯ ಹತ್ತಿರ ಬಾಗಿದರು.

"ಅಣ್ಣಾ, ನಮ್ಮದು ಹದಿಮೂರನೇ ನಂಬರು. ತಡ ಆದ್ರೂ ಪರವಾಗಿಲ್ಲ, ನಿಮ್ಮ ಭಾವನಿಗೆ ಹಾಕಿದ್ದನ್ನೇ ಹಾಕಿಸಿ."